ಸರ್ಕಾರದ ಸಾಲ: ದಾವಣಗೆರೆಯಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಎಪಿಎಂಸಿ ಯಾರ್ಡಿನ ನಾಲ್ಕಾರು ದಲಾಲಿ ಅಂಗಡಿಗಳಿಗೆ ಲೆಕ್ಕ ಬರೆಯುವವನು. ಮಾರ್ಚ್ ಬಂತೆಂದರೆ ಹಗಲೆಲ್ಲ ಅಂಗಡಿ ಖಾತೆ ಮುಗಿಸುವುದು, ಸಂಜೆ ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟುಕೊಂಡು ಬಜೆಟ್ ಬಗ್ಗೆ ಕೇಳಿದವರಿಗೆಲ್ಲ ಉತ್ತರ ಹೇಳುವುದು. ಲೆಕ್ಕದವನು ಅಂದ ಮೇಲೆ ದೇಶದ ಲೆಕ್ಕವೂ ಗೊತ್ತಿರಬೇಕು ಅಂತ ಜನರ ನಂಬಿಕೆ. ಹೇಳಿದ್ದನ್ನೇ ಹೇಳಿ ಸಾಕಾಗಿದೆ. ಹಾಗಾಗಿ ಮಾತಿನಲ್ಲಿ, ವಾಟ್ಸಾಪಿನಲ್ಲಿ, ಎರಡು ಸಲ ಇನ್‌ಲ್ಯಾಂಡ್ ಲೆಟರಿನಲ್ಲೂ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಬೇರೆ ವರ್ಷ ಅಂತ ಹೇಳದ ಕಡೆ ಅಂಕಿಗಳೆಲ್ಲ 2025-26ರ ಬಜೆಟ್ ಅಂದಾಜಿನವು.

## ಬುಡದಿಂದ

ಸರ್ಕಾರಕ್ಕೆ ಸಾಲ ಕೊಡೋರು ಯಾರು ಸಾರ್? ನಾನಂತೂ ಒಂದು ರೂಪಾಯಿ ಕೊಟ್ಟಿಲ್ಲ.

ಕೊಟ್ಟಿದ್ದೀರಿ, ನಿಮಗೆ ಗೊತ್ತಿಲ್ಲ ಅಷ್ಟೆ. ಪೋಸ್ಟ್ ಆಫೀಸಿನಲ್ಲಿ ಆರ್‌ಡಿ ಇದೆಯಾ? ಮಗಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ? ಪಿಪಿಎಫ್? ಆ ಹಣ ಅಂಚೆ ಕಚೇರಿಯ ಬೀರುವಿನಲ್ಲಿ ಕೂತಿರುವುದಿಲ್ಲ. 1999ರಲ್ಲಿ ಶುರುವಾದ ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಗೆ ಹೋಗುತ್ತದೆ. ಅಲ್ಲಿಂದ ಬಹುಪಾಲು ಸರ್ಕಾರಕ್ಕೇ ಸಾಲವಾಗಿ ಹೋಗುತ್ತದೆ.

ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಿದ್ದರೂ ಅಷ್ಟೇ. ಬ್ಯಾಂಕುಗಳು ತಮಗೆ ಬಂದ ಪ್ರತಿ 100 ರೂಪಾಯಿಯಲ್ಲಿ 18 ರೂಪಾಯಿಯನ್ನು ಭದ್ರವಾದ ಕಡೆ ಇಡಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಇದಕ್ಕೆ ಎಸ್‌ಎಲ್‌ಆರ್ ಅನ್ನುತ್ತಾರೆ. ಆ ಭದ್ರವಾದ ಕಡೆ ಅಂದರೆ ಹೆಚ್ಚಾಗಿ ಸರ್ಕಾರಿ ಸಾಲಪತ್ರವೇ. ನಮ್ಮೂರಿನ ಕೋ-ಆಪರೇಟಿವ್ ಬ್ಯಾಂಕುಗಳಿಗೂ ಇದು ತಪ್ಪಿದ್ದಲ್ಲ. ಇನ್ನು ಎಲ್‌ಐಸಿ ಕಂತು, ಪಿಎಫ್ ಹಣ ಎಲ್ಲದರ ದೊಡ್ಡ ಪಾಲು ಹೋಗುವುದು ಅಲ್ಲಿಗೇ.

ಇದನ್ನು ಕೇಳಿದ ಮೇಲೆ ಕೆಲವರು, "ಹಾಗಾದ್ರೆ ನಮಗೆ ನಾವೇ ಸಾಲಗಾರರು, ಚಿಂತೆ ಯಾಕೆ" ಅನ್ನುತ್ತಾರೆ. ಅಷ್ಟು ಸಲೀಸಲ್ಲ. ಬಡ್ಡಿ ಹೋಗುವುದು ಉಳಿತಾಯ ಇದ್ದವರಿಗೆ. ಆ ಬಡ್ಡಿ ಕಟ್ಟುವ ತೆರಿಗೆ ಬರುವುದು ಸೋಪು, ಚಪ್ಪಲಿ ಕೊಳ್ಳುವ ಎಲ್ಲರಿಂದ. ಇವರಿಬ್ಬರೂ ಒಂದೇ ಜನ ಅಲ್ಲ.

ಕೊರತೆ ಅಂತಾರೆ, ಸಾಲ ಅಂತಾರೆ. ಎರಡೂ ಒಂದೇ ತಾನೆ?

ಅಲ್ಲ. ಪೇಪರಿನಲ್ಲಿ ದಿನಾ ಭದ್ರಾ ಜಲಾಶಯದ ಮಟ್ಟ ನೋಡುತ್ತೀರಲ್ವಾ? ಒಳಹರಿವು ಇಷ್ಟು, ಹೊರಹರಿವು ಇಷ್ಟು, ಮಟ್ಟ 186 ಅಡಿಯಲ್ಲಿ ಇಷ್ಟು ಅಂತ. ಸಾಲ ಅಂದರೆ ಮಟ್ಟ. ವಿತ್ತೀಯ ಕೊರತೆ ಅಂದರೆ ಈ ವರ್ಷ ಮಟ್ಟ ಎಷ್ಟು ಏರಿತು ಅನ್ನುವುದು.

ಕೇಂದ್ರದ ವಿತ್ತೀಯ ಕೊರತೆ ಕೋವಿಡ್ ಬಂದ 2020-21ರಲ್ಲಿ ಜಿಡಿಪಿಯ, ಅಂದರೆ ದೇಶದ ಒಂದು ವರ್ಷದ ಒಟ್ಟು ದುಡಿಮೆಯ, ಶೇ 9.2 ಇತ್ತು. 2025-26ಕ್ಕೆ ಶೇ 4.4 ಅಂತ ಅಂದಾಜು. ಟಿವಿಯವರು ಇದನ್ನು "ಸಾಲ ಅರ್ಧಕ್ಕೆ ಇಳಿಯಿತು" ಅಂದುಬಿಟ್ಟರೆ ತಪ್ಪಾಗುತ್ತದೆ. ಒಳಹರಿವು ಕಮ್ಮಿ ಆಯಿತು, ನೀರಿನ ಮಟ್ಟ ಏರುತ್ತಲೇ ಇದೆ. ಒಂದೇ ವ್ಯತ್ಯಾಸ, ಡ್ಯಾಮ್ ತುಂಬಿದರೆ ನಾವು ಬಾಗಿನ ಬಿಡುತ್ತೇವೆ, ಇಲ್ಲಿ ಯಾರೂ ಬಿಡುವುದಿಲ್ಲ.

ಸಾಲ ತರೋದು ಅಂದ್ರೆ ಹೆಂಗೆ? ಮುಖ್ಯಮಂತ್ರಿ ಬ್ಯಾಂಕಿಗೆ ಹೋಗಿ ಸೈನ್ ಮಾಡ್ತಾರಾ?

ನಮ್ಮ ಯಾರ್ಡಿನಲ್ಲಿ ಮೆಕ್ಕೆಜೋಳಕ್ಕೆ ಟೆಂಡರ್ ನಡೆಯುತ್ತದಲ್ಲ, ಸುಮಾರು ಹಾಗೇ. ಸರ್ಕಾರದ ಪರವಾಗಿ ರಿಸರ್ವ್ ಬ್ಯಾಂಕ್ ಹರಾಜು ನಡೆಸುತ್ತದೆ. ಇಂತಿಷ್ಟು ಕೋಟಿ ಬೇಕು, ಇಷ್ಟು ವರ್ಷಕ್ಕೆ ಅಂತ ಮೊದಲೇ ಸಾರುತ್ತದೆ. ಬ್ಯಾಂಕು, ವಿಮಾ ಕಂಪನಿ, ಮ್ಯೂಚುವಲ್ ಫಂಡ್‌ನವರು ದರ ಹಾಕುತ್ತಾರೆ. ಯಾರ್ಡಿನಲ್ಲಿ ಜಾಸ್ತಿ ರೇಟು ಹಾಕಿದವನಿಗೆ ಮಾಲು. ಇಲ್ಲಿ ಕಮ್ಮಿ ಬಡ್ಡಿ ಕೇಳಿದವನಿಗೆ ಸಾಲಪತ್ರ.

ಕೇಂದ್ರದ ದೀರ್ಘಾವಧಿ ಪತ್ರಗಳ ಹರಾಜು ಸಾಮಾನ್ಯವಾಗಿ ಶುಕ್ರವಾರ, ರಾಜ್ಯಗಳದ್ದು ಮಂಗಳವಾರ. ಕೇಂದ್ರ 91, 182, 364 ದಿನಗಳ ಸಣ್ಣ ಹುಂಡಿಗಳನ್ನೂ, ಅಂದರೆ ಕಮ್ಮಿ ಅವಧಿಯ ಸಾಲಪತ್ರಗಳನ್ನೂ, ಮಾರುತ್ತದೆ. 50 ವರ್ಷಕ್ಕೆ ತೀರುವ ಪತ್ರವೂ 2023ರಿಂದ ಇದೆ. ಮಂಗಳವಾರದ ಸಾಲಿನಲ್ಲಿ ಕರ್ನಾಟಕವೂ ಬೇರೆ ರಾಜ್ಯಗಳ ಜೊತೆ ನಿಂತಿರುತ್ತದೆ.

ದುಡ್ಡು ಬೇಕಾದ್ರೆ ನೋಟ್ ಪ್ರಿಂಟ್ ಮಾಡ್ಕೊಳ್ಳೋದು ಬಿಟ್ಟು ಬಡ್ಡಿಗೆ ಯಾಕೆ ತರ್ತಾರೆ? ಪ್ರೆಸ್ಸು ಮೈಸೂರಲ್ಲೇ ಐತಲ್ಲ.

ಪ್ರೆಸ್ಸು ಮೈಸೂರಲ್ಲಿದೆ, ನಿಜ. ಆದರೆ ಅದು ರಿಸರ್ವ್ ಬ್ಯಾಂಕಿನದು, ಹಣಕಾಸು ಸಚಿವರು ಫೋನ್ ಮಾಡಿ ಆರ್ಡರ್ ಕೊಡುವ ಹಾಗಿಲ್ಲ.

ಒಂದು ಕಾಲದಲ್ಲಿ ಹೆಚ್ಚುಕಮ್ಮಿ ಹಾಗೇ ನಡೆಯುತ್ತಿತ್ತು. ಕೇಂದ್ರಕ್ಕೆ ಹಣ ಸಾಲದಾದರೆ "ಅಡ್‌ಹಾಕ್" ಹುಂಡಿ ಬರೆದು ರಿಸರ್ವ್ ಬ್ಯಾಂಕಿಗೆ ಕೊಡುತ್ತಿತ್ತು, ಬ್ಯಾಂಕು ಹೊಸ ಹಣ ಹುಟ್ಟಿಸಿ ಕೊಡುತ್ತಿತ್ತು. 1997ರಲ್ಲಿ ಅದನ್ನು ನಿಲ್ಲಿಸಿದರು. 2003ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಪ್ರಕಾರ 2006ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕ್ ಸರ್ಕಾರದ ಸಾಲಪತ್ರವನ್ನು ಹರಾಜಿನಲ್ಲಿ ನೇರವಾಗಿ ಕೊಳ್ಳುವ ಹಾಗೂ ಇಲ್ಲ. ಮಾಲು ಅಷ್ಟೇ ಇದ್ದು ನೋಟು ಮಾತ್ರ ದುಪ್ಪಟ್ಟಾದರೆ ಏನಾಗುತ್ತದೆ ಅಂತ ಯಾರ್ಡಿನವರಿಗೆ ಹೇಳಿಕೊಡಬೇಕಿಲ್ಲ.

ಹುಟ್ಟೋ ಮಗುವಿನ ತಲೆ ಮೇಲೂ ಲಕ್ಷ ರೂಪಾಯಿ ಸಾಲ ಅಂತಾರಲ್ಲ, ಯಾರಾದ್ರೂ ವಸೂಲಿಗೆ ಬರ್ತಾರಾ?

ಇದನ್ನು ಕೇಳಿದವರು ಮೊಮ್ಮಗು ಹುಟ್ಟಿದ ಖುಷಿಯಲ್ಲಿದ್ದ ಅಜ್ಜಿ. ಪಾಪ, ನಿಜವಾಗಿಯೇ ಹೆದರಿದ್ದರು. ಇಲ್ಲ ಅಜ್ಜೀ, ಯಾರೂ ಬರುವುದಿಲ್ಲ.

ಲೆಕ್ಕ ಬಂದಿದ್ದು ಹೀಗೆ. ಕರ್ನಾಟಕದ ಒಟ್ಟು ಹೊಣೆ 7,64,655 ಕೋಟಿ ರೂಪಾಯಿ. ಜನ ಸುಮಾರು 7 ಕೋಟಿ ಅಂತ ಹಿಡಿಯಿರಿ. ಭಾಗಿಸಿದರೆ ತಲೆಗೆ 1 ಲಕ್ಷ 9 ಸಾವಿರದ ಹತ್ತಿರ. ಭಾಷಣಕ್ಕೆ ಚೆನ್ನಾಗಿದೆ. ಆದರೆ ಅದೇ ರೀತಿ ರಾಜ್ಯದ ಒಂದು ವರ್ಷದ ದುಡಿಮೆಯನ್ನೂ ಭಾಗಿಸಬೇಕಲ್ವಾ? ಅದು 30 ಲಕ್ಷ ಕೋಟಿಗೂ ಜಾಸ್ತಿ, ಅಂದರೆ ತಲೆಗೆ 4 ಲಕ್ಷ ದಾಟುತ್ತದೆ. ಆ ಸಾಲದಲ್ಲಿ ಕಟ್ಟಿದ ಕಾಲುವೆ, ರಸ್ತೆ, ಆಸ್ಪತ್ರೆಯೂ ಅದೇ ಮಗುವಿನ ಪಾಲಿಗೆ ಬರುತ್ತವೆ. ಸಾಲವನ್ನು ಮಾತ್ರ ತಲೆ ಲೆಕ್ಕದಲ್ಲಿ ಹಂಚಿ ಆಸ್ತಿಯನ್ನು ಮುಚ್ಚಿಡುವ ಲೆಕ್ಕ ನಾನು ಬರೆದರೆ ನನ್ನ ಸಾಹುಕಾರರು ಮರುದಿನವೇ ಮನೆಗೆ ಕಳಿಸುತ್ತಾರೆ.

ದೇಶನ ವರ್ಲ್ಡ್ ಬ್ಯಾಂಕಿಗೆ ಅಡ ಇಟ್ಟಿದಾರೆ ಅಂತ ವಾಟ್ಸಾಪಲ್ಲಿ ಬಂದೈತೆ, ನಿಜನಾ?

ಸುಳ್ಳು. ಕೇಂದ್ರ ಸರ್ಕಾರದ ಸಾಲದಲ್ಲಿ ಹೊರದೇಶದ್ದು ನೂರಕ್ಕೆ ಐದರ ಆಸುಪಾಸು. ಉಳಿದದ್ದೆಲ್ಲ ಒಳಗಿನದೇ.

ಆ ಮೆಸೇಜಿನಲ್ಲಿ 736 ಬಿಲಿಯನ್ ಡಾಲರ್ ಅಂತ ಒಂದು ಅಂಕಿ ಇತ್ತು. ಅಂಕಿ ಸರಿಯೇ, 2025ರ ಮಾರ್ಚ್ ಕೊನೆಗೆ ಭಾರತದ ಒಟ್ಟು ವಿದೇಶಿ ಸಾಲ ಅಷ್ಟಿತ್ತು. ಆದರೆ ಅದು ಇಡೀ ದೇಶದ ಸಾಲ, ಸರ್ಕಾರದ್ದು ಮಾತ್ರ ಅಲ್ಲ. ಕಂಪನಿಗಳು ಹೊರಗಿನಿಂದ ತಂದದ್ದೂ ಅದರಲ್ಲಿದೆ. ನಮ್ಮೂರಲ್ಲಿ ಮೆಡಿಕಲ್ ಓದಿ ಅಮೆರಿಕಕ್ಕೆ ಹೋದ ಡಾಕ್ಟರು ಇಲ್ಲಿನ ಬ್ಯಾಂಕಿನಲ್ಲಿ ಎನ್‌ಆರ್‌ಐ ಡೆಪಾಸಿಟ್ ಇಟ್ಟರೆ ಅದೂ ಈ ಲೆಕ್ಕಕ್ಕೇ ಸೇರುತ್ತದೆ. ಮಗ ಅಪ್ಪನ ಊರಿನ ಬ್ಯಾಂಕಿನಲ್ಲಿ ಹಣ ಇಟ್ಟರೆ ದೇಶ ಮುಳುಗಿತು ಅಂತ ಯಾರಾದರೂ ಅನ್ನುತ್ತಾರಾ?

ಅಡ ಇಟ್ಟದ್ದು ನಿಜವಾಗಿ ನಡೆದದ್ದು 1991ರಲ್ಲಿ. ಡಾಲರ್ ಖಾಲಿಯಾಗಿ, ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್ ಮತ್ತು ಜಪಾನಿನ ಕೇಂದ್ರ ಬ್ಯಾಂಕುಗಳಲ್ಲಿ ಇಟ್ಟು 40 ಕೋಟಿ ಡಾಲರ್ ತಂದಿದ್ದರು. ಆಮೇಲೆ ಬಿಡಿಸಿಕೊಂಡರು. ಆಗ ಐಎಂಎಫ್‌ನಿಂದ ತಂದ ಸಾಲವೂ 2000ದ ಹೊತ್ತಿಗೆ ತೀರಿತು.

## ನಮ್ಮ ರಾಜ್ಯ, ನಮ್ಮ ಊರು

ಒಬ್ರು ರಾಜ್ಯ 1 ಲಕ್ಷ 16 ಸಾವಿರ ಕೋಟಿ ಸಾಲ ಮಾಡುತ್ತೆ ಅಂತಾರೆ, ಇನ್ನೊಬ್ರು 90 ಸಾವಿರ ಕೋಟಿ ಅಂತಾರೆ. ಯಾರು ಸುಳ್ಳು ಹೇಳ್ತಿರೋದು?

ಇಬ್ಬರೂ ನಿಜ ಹೇಳುತ್ತಿದ್ದಾರೆ, ಅರ್ಧರ್ಧ. ಸಿದ್ದರಾಮಯ್ಯನವರು 2025ರ ಮಾರ್ಚ್ 7ರಂದು ಮಂಡಿಸಿದ ಬಜೆಟ್ಟಿನ ಒಟ್ಟು ಗಾತ್ರ 4,09,549 ಕೋಟಿ. ಖರ್ಚನ್ನು ಮೂರು ಗಂಟಾಗಿ ನೋಡಿ. ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ ತರದ ದಿನದ ಖರ್ಚು 3,11,739 ಕೋಟಿ. ಕಟ್ಟಡ, ಕಾಲುವೆ, ರಸ್ತೆ ತರದ ಬಂಡವಾಳ ವೆಚ್ಚ 71,336 ಕೋಟಿ. ಹಳೆ ಸಾಲದ ಅಸಲು ತೀರಿಸಲು 26,474 ಕೋಟಿ.

ಹೊಸದಾಗಿ ತರುವುದು 1,16,000 ಕೋಟಿ. ಅದರಲ್ಲಿ 26,474 ಕೋಟಿ ಹಳೆಯದನ್ನು ತೀರಿಸಲು ಹೋದರೆ, ನಿಜವಾಗಿ ಹೆಚ್ಚುವ ಸಾಲ 90 ಸಾವಿರ ಕೋಟಿಯ ಹತ್ತಿರ. ವಿತ್ತೀಯ ಕೊರತೆ 90,428 ಕೋಟಿ ಅಂತ ಬರೆದಿರುವುದು ಇದನ್ನೇ. ನಡುವಿನ ಚಿಲ್ಲರೆ ವ್ಯತ್ಯಾಸ ಬೇರೆ ಬಾಬ್ತಿನದು. ಸೊಸೈಟಿಯಲ್ಲಿ ಹಳೆ ಬೆಳೆಸಾಲ 1 ಲಕ್ಷ ಕಟ್ಟಿ ಅದೇ ದಿನ ಒಂದೂವರೆ ಲಕ್ಷ ಎತ್ತಿದರೆ ನಿಮಗೆ ಹೆಚ್ಚಿದ ಸಾಲ ಐವತ್ತು ಸಾವಿರ, ಅಲ್ವಾ? ವಿರೋಧ ಪಕ್ಷದಲ್ಲಿದ್ದವರು ದೊಡ್ಡ ಅಂಕಿ ಹಿಡಿದುಕೊಳ್ಳುತ್ತಾರೆ, ಆಡಳಿತದಲ್ಲಿದ್ದವರು ಸಣ್ಣದು. ಕುರ್ಚಿ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಗ್ಯಾರಂಟಿ ಕೊಡೋಕೇ ಸಾಲ ಮಾಡ್ತಿದಾರೆ ಅನ್ನೋದು ಸರಿನಾ? ಪಕ್ಷ ಬಿಟ್ಟು ಹೇಳಿ.

ಪಕ್ಷ ಬಿಟ್ಟು ಹೇಳಿದರೆ ಎರಡೂ ಕಡೆಯವರೂ ಬೈಯುತ್ತಾರೆ, ಇರಲಿ.

ಐದು ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ. ಬಂಡವಾಳ ವೆಚ್ಚ 71,336 ಕೋಟಿ. ಸಾಲದ ಹಣ ಯಾವುದಕ್ಕೆ ಹೋಯಿತು ಅಂತ ನೋಟಿನ ಮೇಲೆ ಬರೆದಿರುವುದಿಲ್ಲ. ಹಾಗಾಗಿ ಒಬ್ಬರು ಸಾಲವೆಲ್ಲ ಗ್ಯಾರಂಟಿಗೆ ಅಂತಲೂ, ಇನ್ನೊಬ್ಬರು ಸಾಲವೆಲ್ಲ ರಸ್ತೆಗೆ ಅಂತಲೂ ವಾದ ಮಾಡಬಹುದು. ಎರಡನ್ನೂ ಸಾಬೀತು ಮಾಡಲಾಗದು.

ಸಾಬೀತು ಮಾಡಬಹುದಾದ್ದು ಒಂದಿದೆ, ರಾಜಸ್ವ ಕೊರತೆ. ದಿನದ ಆದಾಯದಿಂದ ದಿನದ ಖರ್ಚೂ ನೀಗದೆ ಉಳಿದ ಭಾಗ ಅದು. 2025-26ಕ್ಕೆ 19,262 ಕೋಟಿ. ಅಷ್ಟು ಹಣವನ್ನು ಸಾಲ ತಂದು ದಿನದ ಖರ್ಚಿಗೇ ಹಾಕುತ್ತಿದ್ದಾರೆ ಅನ್ನುವುದರಲ್ಲಿ ವಾದವಿಲ್ಲ. ಅದು ಗ್ಯಾರಂಟಿಯಿಂದ ಆಯಿತಾ, ಸಂಬಳ ಪರಿಷ್ಕರಣೆಯಿಂದಾ, ಕೇಂದ್ರದಿಂದ ಬರುವ ಪಾಲು ಕಮ್ಮಿಯಾದದ್ದರಿಂದಾ ಅನ್ನುವುದು ರಾಜಕೀಯದ ಜಗಳ. 2004-05ರಿಂದ ಕೋವಿಡ್ ಬರುವ ತನಕ ಕರ್ನಾಟಕ ರಾಜಸ್ವ ಮಿಗತೆ ತೋರಿಸಿಕೊಂಡು ಬಂದ ರಾಜ್ಯ. ಅದಕ್ಕೇ ಈ ಕೊರತೆ ನನ್ನ ಕಣ್ಣು ಕುಕ್ಕುತ್ತದೆ. ಕಿರಾಣಿ ಸಾಮಾನಿಗೆ ಒಂದು ತಿಂಗಳು ಕೈಗಡ ತಂದರೆ ಕಷ್ಟ ಅನ್ನಬಹುದು, ವರ್ಷವಿಡೀ ತಂದರೆ ಅದು ಅಭ್ಯಾಸ. ಹೀಗೆ ಹೇಳಿದರೂ, ನಮ್ಮ ಮನೆಯವರು ಹರಿಹರಕ್ಕೆ ಹೋಗಿ ಬರುವುದು ಶಕ್ತಿ ಬಸ್ಸಿನಲ್ಲೇ. ಅದನ್ನೂ ಲೆಕ್ಕಕ್ಕೆ ಹಾಕಿಕೊಳ್ಳಿ.

ರೈತರ ಸಾಲ ಮನ್ನಾ ಆದಾಗ ಆ ಸಾಲ ಎಲ್ಲಿಗೆ ಹೋಯ್ತು?

ಮಾಯ ಆಗಲಿಲ್ಲ, ಪುಸ್ತಕ ಬದಲಾಯಿಸಿತು ಅಷ್ಟೆ. 2018ರಲ್ಲಿ ಕುಮಾರಸ್ವಾಮಿಯವರ ಸರ್ಕಾರ ಬೆಳೆಸಾಲ ಮನ್ನಾ ಘೋಷಿಸಿದಾಗ ಬ್ಯಾಂಕುಗಳೇನೂ ಹಣ ಬಿಟ್ಟುಕೊಡಲಿಲ್ಲ. ರೈತರ ಪರವಾಗಿ ರಾಜ್ಯ ಸರ್ಕಾರ ಕಂತಿನ ಮೇಲೆ ಕಟ್ಟಿತು. ಜಗಳೂರಿನ ರೈತನ ಖಾತೆಯಲ್ಲಿದ್ದ ಬಾಕಿ ಸರ್ಕಾರದ ಖರ್ಚಾಯಿತು. ಅದೂ ರಾಜಸ್ವ ಖರ್ಚು. ಮನ್ನಾ ಬೇಡ ಅಂತ ಹೇಳುತ್ತಿಲ್ಲ. ಎರಡು ವರ್ಷ ಮಳೆ ಕೈಕೊಟ್ಟ ಹೊಲ ನೋಡಿದವರು ಹಾಗೆ ಹೇಳಲಾರರು.

ನಮ್ಮೂರ ನಲ್ಲಿ ನೀರಿನ ಯೋಜನೆಗೆ ಹೊರದೇಶದ ಸಾಲ ಇದೆಯಂತೆ?

ಇದೆ. ದಾವಣಗೆರೆ, ಹರಿಹರದಲ್ಲಿ ದಿನವಿಡೀ ನೀರು ಕೊಡುವ ಜಲಸಿರಿ ಯೋಜನೆಗೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ ಬಳಸಿದ್ದಾರೆ. ಬೀದಿ ಅಗೆದದ್ದು ಎಲ್ಲರಿಗೂ ನೆನಪಿರುತ್ತದೆ, ಸಾಲ ಯಾರಿಗೂ ನೆನಪಿರುವುದಿಲ್ಲ.

ಇಲ್ಲೊಂದು ವಿಷಯ ಇದೆ. ಸಂವಿಧಾನದ 293ನೇ ವಿಧಿಯ ಪ್ರಕಾರ ರಾಜ್ಯಗಳು ಭಾರತದ ಒಳಗೆ ಮಾತ್ರ ಸಾಲ ಮಾಡಬಹುದು. ಹಾಗಾಗಿ ಹೊರಗಿನ ಸಾಲ ಮೊದಲು ಕೇಂದ್ರದ ಹೆಸರಿಗೆ ಬರುತ್ತದೆ, ಅಲ್ಲಿಂದ ಅದೇ ಷರತ್ತಿನ ಮೇಲೆ ರಾಜ್ಯಕ್ಕೆ ಇಳಿಯುತ್ತದೆ. ಅದೇ ಷರತ್ತು ಅಂದರೆ ಡಾಲರ್ ಏರಿಳಿತವೂ ರಾಜ್ಯದ್ದೇ. 2015ರಲ್ಲಿ ಡಾಲರಿಗೆ 65 ರೂಪಾಯಿ ಇತ್ತು, 2025ರಲ್ಲಿ 85ರ ಮೇಲೆ ಹೋಯಿತು. ಬಡ್ಡಿ ಅಗ್ಗ ಅಂತ ತಂದ ಡಾಲರ್ ಸಾಲ ತೀರಿಸುವಾಗ ಈ ವ್ಯತ್ಯಾಸ ಕಚ್ಚುತ್ತದೆ. ಸ್ಮಾರ್ಟ್ ಸಿಟಿ ಹಣ ಮಾತ್ರ ಬೇರೆ. 2016ರ ಮೊದಲ ಪಟ್ಟಿಯಲ್ಲೇ ದಾವಣಗೆರೆ ಇತ್ತು, ಅದು ಕೇಂದ್ರ ರಾಜ್ಯಗಳ ಅನುದಾನ.

ಚಿತ್ರದುರ್ಗದಿಂದ ಬರೀತಿದೀನಿ. ಭದ್ರಾ ಮೇಲ್ದಂಡೆಗೆ 5,300 ಕೋಟಿ ಅಂದ್ರಲ್ಲ, ಅದು ಸಾಲನಾ, ಅನುದಾನನಾ?

2023ರ ಫೆಬ್ರುವರಿ 1ರ ಕೇಂದ್ರ ಬಜೆಟ್ ಭಾಷಣದಲ್ಲಿ ಅದನ್ನು ಕೇಂದ್ರ ನೆರವು ಅಂತ ಹೇಳಿದ್ದರು. ಸಾಲ ಅಂತ ಹೇಳಿರಲಿಲ್ಲ. ಆದರೆ ಬಜೆಟ್ ಭಾಷಣ ಚೆಕ್ ಅಲ್ಲ. ಘೋಷಣೆ ಆದ ಮೇಲೆ ಸಂಪುಟದ ಒಪ್ಪಿಗೆ ಬೇಕು, ಇಲಾಖೆಯ ಲೆಕ್ಕದಲ್ಲಿ ಹಣ ಇಡಬೇಕು, ಆಮೇಲೆ ಬಿಡುಗಡೆ. ಆ ಹಣ ಕೈಗೆ ಬಂದಿಲ್ಲ ಅಂತ ರಾಜ್ಯ ಸರ್ಕಾರ ಪದೇ ಪದೇ ದೂರಿದೆ.

ನೀವು ಗೊಂದಲ ಮಾಡಿಕೊಂಡಿರುವುದು ಬಹುಶಃ ಇನ್ನೊಂದರ ಜೊತೆ. 2020-21ರಿಂದ ಕೇಂದ್ರವು ರಾಜ್ಯಗಳಿಗೆ ಬಂಡವಾಳ ಕೆಲಸಕ್ಕೆ ಅಂತ 50 ವರ್ಷದ ಬಡ್ಡಿ ಇಲ್ಲದ ಸಾಲ ಕೊಡುತ್ತಿದೆ. 2025-26ಕ್ಕೆ ಎಲ್ಲಾ ರಾಜ್ಯಗಳಿಗೂ ಸೇರಿ 1.5 ಲಕ್ಷ ಕೋಟಿ ಇಟ್ಟಿದ್ದಾರೆ. ಹೆಸರಿಗೆ ಸಾಲ, ಬೆಲೆ ಏರಿಕೆಯ ಲೆಕ್ಕ ಹಾಕಿದರೆ ಹೆಚ್ಚುಕಮ್ಮಿ ದಾನ. 50 ವರ್ಷದ ಹಿಂದೆ ನಿಮ್ಮ ಅಜ್ಜ ತಂದ 100 ರೂಪಾಯಿಯನ್ನು ಇವತ್ತು 100 ರೂಪಾಯಿ ಕೊಟ್ಟೇ ತೀರಿಸಿದಂತೆ.

ರಾಜ್ಯ ದಿವಾಳಿ ಆಗುತ್ತಾ?

ವ್ಯಾಪಾರಿ ದಿವಾಳಿ ಎದ್ದಂತೆ ಅಂಗಡಿ ಮುಚ್ಚಿ ಹೋಗುವುದು ರಾಜ್ಯಕ್ಕೆ ಇಲ್ಲ. ಆದರೆ ಕೈ ಬಿಗಿಯಾದದ್ದು ಬೇರೆ ರೀತಿಯಲ್ಲಿ ಕಾಣುತ್ತದೆ. ಗುತ್ತಿಗೆದಾರರ ಬಿಲ್ ತಡವಾಗುತ್ತದೆ, ಸಬ್ಸಿಡಿ ನಿಲ್ಲುತ್ತದೆ. ಇದು ಊರಿನ ಜನಕ್ಕೆ ಅಂಕಿಗಿಂತ ಮೊದಲೇ ಗೊತ್ತಾಗುತ್ತದೆ.

ಖಜಾನೆಯಲ್ಲಿ ವಾರದ ಮಟ್ಟಿಗೆ ಹಣ ಕಮ್ಮಿಯಾದರೆ ರಿಸರ್ವ್ ಬ್ಯಾಂಕ್ ಕೈಗಡ ಕೊಡುತ್ತದೆ. ಅದರ ಮಿತಿ ದಾಟಿದರೆ ಓವರ್‌ಡ್ರಾಫ್ಟ್. ಒಂದೇ ಸಮನೆ 14 ಕೆಲಸದ ದಿನ ಮೀರಿ ಓವರ್‌ಡ್ರಾಫ್ಟಿನಲ್ಲೇ ಇದ್ದರೆ ಆ ರಾಜ್ಯದ ಪಾವತಿಗಳನ್ನು ರಿಸರ್ವ್ ಬ್ಯಾಂಕ್ ನಿಲ್ಲಿಸುತ್ತದೆ.

ಕರ್ನಾಟಕಕ್ಕೆ ಇನ್ನೊಂದು ಬೇಲಿಯೂ ಇದೆ. 2002ರಲ್ಲಿ ದೇಶದಲ್ಲೇ ಮೊದಲು ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿದ ರಾಜ್ಯ ನಮ್ಮದು. ವಿತ್ತೀಯ ಕೊರತೆ ರಾಜ್ಯದ ಉತ್ಪನ್ನದ ಶೇ 3 ಮೀರಬಾರದು, ಒಟ್ಟು ಹೊಣೆ ಶೇ 25 ಮೀರಬಾರದು, ರಾಜಸ್ವ ಕೊರತೆ ಇರಲೇಬಾರದು. 2025-26ರ ಅಂದಾಜು ನೋಡಿ: ಶೇ 2.95, ಶೇ 24.91. ಎರಡೂ ಗೆರೆಯ ಒಳಗೇ ಇವೆ, ಗೆರೆಗೆ ಮೂಗು ತಾಗಿಸಿಕೊಂಡು. ಮೂರನೆಯದು ಗೆರೆ ದಾಟಿದೆ.

## ಸ್ವಲ್ಪ ಆಳಕ್ಕೆ

ಪೇಪರಲ್ಲಿ ರೂಪಾಯಿ ಚಿತ್ರ ಹಾಕಿ ಬಡ್ಡಿಗೆ 20 ಪೈಸೆ ಅಂದಿದ್ರು. ನೀವು ಮೊನ್ನೆ 37 ಪೈಸೆ ಅಂದ್ರಿ. ಯಾವುದು ಸರಿ?

ಈ ಪ್ರಶ್ನೆ ಕೇಳಿದ ಹುಡುಗನಿಗೆ ಅವತ್ತು ನಾನೇ ಟೀ ಕೊಡಿಸಿದೆ. ಎರಡೂ ಸರಿ, ಭಾಗಿಸುವ ಸಂಖ್ಯೆ ಬೇರೆ.

2025-26ರಲ್ಲಿ ಕೇಂದ್ರ ಕಟ್ಟುವ ಬಡ್ಡಿ ಸುಮಾರು 12.76 ಲಕ್ಷ ಕೋಟಿ. ರೂಪಾಯಿ ಚಿತ್ರದಲ್ಲಿ ಅದನ್ನು ಭಾಗಿಸುವುದು ಎಲ್ಲಾ ಖರ್ಚಿನಿಂದ. ಕೇಂದ್ರದ ಬಜೆಟ್ 50.65 ಲಕ್ಷ ಕೋಟಿ, ಅದರ ಮೇಲೆ ರಾಜ್ಯಗಳಿಗೆ ಹಂಚುವ ತೆರಿಗೆ ಪಾಲು 14 ಲಕ್ಷ ಕೋಟಿ. ಎರಡೂ ಸೇರಿದರೆ 65 ಲಕ್ಷ ಕೋಟಿಯ ಹತ್ತಿರ. ಹಾಗೆ ನೋಡಿದರೆ ಬಡ್ಡಿ 20 ಪೈಸೆ. ಆ ರೂಪಾಯಿಯಲ್ಲಿ 24 ಪೈಸೆ ಸಾಲ ತಂದದ್ದೇ ಅನ್ನುವುದನ್ನು ಮರೆಯಬೇಡಿ.

ನಾನು ಭಾಗಿಸಿದ್ದು ಕೇಂದ್ರದ ಸ್ವಂತ ರಾಜಸ್ವ ಆದಾಯದಿಂದ, 34.20 ಲಕ್ಷ ಕೋಟಿಯಿಂದ. ಆಗ 37 ಪೈಸೆ. ನಿಮ್ಮ ಸಂಬಳ 34 ಸಾವಿರ, ತಿಂಗಳ ಬಡ್ಡಿ 12,760 ಅಂದುಕೊಳ್ಳಿ. ಯಾರಾದರೂ "ಕೈಗಡ ಸೇರಿಸಿ ನಿನ್ನ ಕೈಯಲ್ಲಿ ಓಡಾಡೋದು 65 ಸಾವಿರ, ಬಡ್ಡಿ ಐದರಲ್ಲಿ ಒಂದು ಪಾಲು ಮಾತ್ರ" ಅಂದರೆ ಸಮಾಧಾನ ಆಗುತ್ತದಾ? ನನ್ನ ಮಟ್ಟಿಗೆ ಸಾಲದ ಗಾತ್ರಕ್ಕಿಂತ ಈ 37 ಪೈಸೆಯೇ ನೋಡಬೇಕಾದ ಅಂಕಿ. ಸಾಲ ಎಷ್ಟೇ ಇರಲಿ, ದುಡಿದದ್ದರಲ್ಲಿ ಎಷ್ಟು ಪಾಲು ಬಡ್ಡಿಗೇ ಹೋಗಿ ಶಾಲೆ, ಆಸ್ಪತ್ರೆಗೆ ಎಷ್ಟು ಉಳಿಯುತ್ತದೆ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಕೇಂದ್ರದ ವಿತ್ತೀಯ ಕೊರತೆ 15.69 ಲಕ್ಷ ಕೋಟಿ. ಅದರಲ್ಲಿ ಬಡ್ಡಿ ಕಳೆದರೆ ಉಳಿಯುವುದು ಬರೀ 2.93 ಲಕ್ಷ ಕೋಟಿ. ಇದಕ್ಕೆ ಪ್ರಾಥಮಿಕ ಕೊರತೆ ಅನ್ನುತ್ತಾರೆ. ಅಂದರೆ ಆ ವರ್ಷ ಹೆಚ್ಚುವ ಸಾಲದ ಬಹುಪಾಲು ಹಳೆ ಸಾಲದ ಬಡ್ಡಿಯಷ್ಟೇ ಇದೆ.

ಒಂದೇ ವರ್ಷಕ್ಕೆ ಮೂರು ಮೂರು ಅಂಕಿ ಯಾಕೆ?

ಮೆಕ್ಕೆಜೋಳ ಬಿತ್ತುವಾಗ ಎಕರೆಗೆ ಇಷ್ಟು ಕ್ವಿಂಟಲ್ ಅಂತ ಒಂದು ಅಂದಾಜು. ತೆನೆ ಕಟ್ಟಿದ ಮೇಲೆ ಹೊಲ ನೋಡಿ ಇನ್ನೊಂದು. ಕೊನೆಗೆ ವೇಬ್ರಿಡ್ಜಿನ ಚೀಟಿ. ಬಜೆಟ್ ಅಂದಾಜು, ಪರಿಷ್ಕೃತ ಅಂದಾಜು, ಅಂತಿಮ ಲೆಕ್ಕ ಅಂದರೆ ಇವೇ ಮೂರು. ವೇಬ್ರಿಡ್ಜ್ ಚೀಟಿ ಬರಲು ಒಂದು ವರ್ಷದ ಮೇಲೇ ಬೇಕು, ಅದನ್ನು ಆಡಿಟ್ ಮಾಡುವುದು ಸಿಎಜಿ. ಭಾಷಣಗಳಲ್ಲಿ ಮೋಸ ನಡೆಯುವುದು ಇಲ್ಲೇ. ನಮ್ಮ ವರ್ಷಕ್ಕೆ ಬಿತ್ತನೆ ಅಂದಾಜು, ಹಿಂದಿನವರ ವರ್ಷಕ್ಕೆ ವೇಬ್ರಿಡ್ಜ್ ತೂಕ ಇಟ್ಟು ಹೋಲಿಸುತ್ತಾರೆ. ಹೋಲಿಸುವುದಾದರೆ ಅಂದಾಜಿಗೆ ಅಂದಾಜು, ತೂಕಕ್ಕೆ ತೂಕ.

ಹಳೆ ಸಾಲಕ್ಕೆ ಹೊಸ ಸಾಲ ಮಾಡ್ತಾನೇ ಇದ್ರೆ ತೀರಿಸೋದು ಯಾವಾಗ?

ತೀರಿಸುವುದೇ ಇಲ್ಲ. ಒಂದೊಂದು ಪತ್ರವೂ ಹೇಳಿದ ದಿನ ತೀರುತ್ತದೆ, ಒಟ್ಟು ಸಾಲ ತೀರುವುದಿಲ್ಲ. ಹಾಗೆ ಅಂದರೆ ಹಿರಿಯರಿಗೆ ಸಿಟ್ಟು ಬರುತ್ತದೆ. ಆದರೆ ಸರ್ಕಾರಕ್ಕೆ ಮನುಷ್ಯನ ಹಾಗೆ ರಿಟೈರ್‌ಮೆಂಟ್ ಇಲ್ಲ.

ನೋಡಬೇಕಾದ್ದು ಆದಾಯದ ಜೊತೆಗಿನ ಓಟ. ದುಡಿಮೆ 400, ಸಾಲ 100 ಅನ್ನಿ, ಶೇ 25. ಬಡ್ಡಿ ಶೇ 7, ಬಡ್ಡಿಯನ್ನೂ ಸಾಲ ತಂದೇ ಕಟ್ಟಿದೆವು, ಸಾಲ 107 ಆಯಿತು. ದುಡಿಮೆ ಬೆಲೆ ಏರಿಕೆ ಸೇರಿ ಶೇ 10 ಬೆಳೆದು 440 ಆದರೆ ಪಾಲು ಶೇ 24.3ಕ್ಕೆ ಇಳಿಯುತ್ತದೆ. ಏನೂ ತೀರಿಸದೆ ಭಾರ ಇಳಿಯಿತು! ಅದೇ ದುಡಿಮೆ ಶೇ 4 ಮಾತ್ರ ಬೆಳೆದು 416 ಆದರೆ ಪಾಲು ಶೇ 25.7. ಬೆಳವಣಿಗೆ ಬಡ್ಡಿಗಿಂತ ಮುಂದೆ ಇರುವ ತನಕ ಈ ಬಂಡಿ ಓಡುತ್ತದೆ. 2018ರಲ್ಲಿ ತಿದ್ದಿದ ಕಾಯ್ದೆಯಲ್ಲಿ ಕೇಂದ್ರದ ಸಾಲ 2024-25ರ ಹೊತ್ತಿಗೆ ಜಿಡಿಪಿಯ ಶೇ 40ಕ್ಕೆ ಇಳಿಯಬೇಕು ಅಂತಿತ್ತು. ಕೋವಿಡ್ ಬಂದು ಎಲ್ಲ ತಲೆಕೆಳಗಾಯಿತು. 2025-26ಕ್ಕೆ ಶೇ 56.1 ಅಂದಾಜು, 2031ರ ಮಾರ್ಚ್ ಹೊತ್ತಿಗೆ ಶೇ 50ರ ಆಸುಪಾಸು ಅಂತ ಈಗ ಹೊಸ ಗುರಿ.

ಜಪಾನಿನ ಸಾಲ ನಮಗಿಂತ ಎಷ್ಟೋ ಜಾಸ್ತಿಯಂತೆ, ಅವರು ಆರಾಮಾಗಿದಾರೆ. ಶ್ರೀಲಂಕಾ ಯಾಕೆ ಮುಳುಗಿತು?

ಜಪಾನಿನ ಸಾಲ ಅದರ ಜಿಡಿಪಿಯ ಎರಡು ಪಟ್ಟು ದಾಟಿದೆ. ಆದರೆ ಸಾಲ ಯೆನ್‌ನಲ್ಲಿ, ಹೆಚ್ಚಾಗಿ ಅವರದೇ ಜನ, ಬ್ಯಾಂಕುಗಳಿಗೆ. ಶ್ರೀಲಂಕಾ ಡಾಲರಿನಲ್ಲಿ ತಂದಿತ್ತು, ಡಾಲರ್ ಮುಗಿಯಿತು, 2022ರ ಏಪ್ರಿಲ್‌ನಲ್ಲಿ ಕೈ ಎತ್ತಿತು. ಎಷ್ಟು ಸಾಲ ಅನ್ನುವಷ್ಟೇ ಯಾರಿಗೆ, ಯಾವ ನೋಟಿನಲ್ಲಿ ಅನ್ನುವುದೂ ಮುಖ್ಯ.

ಬಜೆಟ್ಟಿನಲ್ಲಿ ಕಾಣದ ಸಾಲ ಅಂತ ಇರುತ್ತಾ?

ಇರುತ್ತದೆ. ನಿಗಮಗಳ ಹೆಸರಿನಲ್ಲಿ. ಕೃಷ್ಣಾ ಭಾಗ್ಯ ಜಲ ನಿಗಮ 1994ರಲ್ಲಿ ಹುಟ್ಟಿ ಬಾಂಡ್ (ಸಾಲಪತ್ರ) ಮಾರಿ ಹಣ ಎತ್ತಿತು. ನೀರಾವರಿ ಕೆಲಸ ಬೇಗ ಆಗಲಿ ಅಂತ ಉದ್ದೇಶ. ಸಾಲ ನಿಗಮದ್ದು, ಜಾಮೀನು ಸರ್ಕಾರದ್ದು. ಕಾಲುವೆ ನೀರಿನ ಕರದಿಂದ ಬಾಂಡ್ ಬಡ್ಡಿ ಹುಟ್ಟುವುದಿಲ್ಲ ಅಂತ ಎಲ್ಲರಿಗೂ ಗೊತ್ತು, ಕೊನೆಗೆ ಕಟ್ಟುವುದು ಬಜೆಟ್ಟಿನಿಂದಲೇ.

ಜಾಮೀನು ಹಾಕಿ ಕೆಟ್ಟವರ ಕಥೆ ಪ್ರತಿ ಊರಲ್ಲೂ ಒಂದಿದೆ. ನಮ್ಮ ಮನೆಯಲ್ಲೂ ಇದೆ, ಸೋದರಮಾವನ ಟ್ರಾಕ್ಟರ್ ಸಾಲಕ್ಕೆ ಅಪ್ಪ ಸೈನ್ ಹಾಕಿದ್ದರು, ಆಮೇಲಿನದು ಬೇಡ ಬಿಡಿ. ಹೀಗೆ ಆಗಬಾರದು ಅಂತಲೇ 1999ರಲ್ಲಿ ಕರ್ನಾಟಕ ಸರ್ಕಾರದ ಜಾಮೀನಿಗೆ ಮಿತಿ ಹಾಕುವ ಕಾಯ್ದೆ ತಂದರು. ಆಡಳಿತದ ಭಾಷೆಯಲ್ಲಿ ಈ ಜಾಮೀನಿಗೂ ಗ್ಯಾರಂಟಿ ಅಂತಲೇ ಹೆಸರು. ಐದು ಗ್ಯಾರಂಟಿಗೂ ಇದಕ್ಕೂ ಸಂಬಂಧ ಇಲ್ಲ.

ರಾಜ್ಯದ ಬಜೆಟ್ಟಿನಿಂದ ತೀರುವ ಇಂಥ ಸಾಲವನ್ನು ರಾಜ್ಯದ ಸಾಲ ಅಂತಲೇ ಹಿಡಿಯುತ್ತೇವೆ ಅಂತ ಕೇಂದ್ರ 2022ರಲ್ಲಿ ಹೇಳಿತು. ಅಂದರೆ ರಾಜ್ಯ ಮಾಡಬಹುದಾದ ಸಾಲ ಅಷ್ಟು ಕಮ್ಮಿಯಾಗುತ್ತದೆ. ಸಾಲದ ಮಿತಿ ಹೀಗೆ ಕತ್ತರಿಸುವುದು ತಪ್ಪು ಅಂತ ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್ 1ರಂದು ಕೋರ್ಟು ಅದನ್ನು ಸಂವಿಧಾನ ಪೀಠಕ್ಕೆ ಕಳಿಸಿತು.

ಬಾಂಡ್ ಯೀಲ್ಡ್ ಏರಿತು ಅಂದ್ರೆ ಖುಷಿ ಪಡಬೇಕಾ, ಬೇಸರ ಪಡಬೇಕಾ?

ನೀವು ಯಾರು ಅನ್ನುವುದರ ಮೇಲೆ. 100 ರೂಪಾಯಿಯ ಪತ್ರ, ವರ್ಷಕ್ಕೆ 7 ರೂಪಾಯಿ ಬಡ್ಡಿ. ಸಂತೆಯಲ್ಲಿ ಅದರ ಬೆಲೆ 95ಕ್ಕೆ ಇಳಿದರೆ, ಈಗ ಕೊಳ್ಳುವವನಿಗೆ 95 ಹಾಕಿದರೂ ಅದೇ 7 ಬರುತ್ತದೆ, ಅಂದರೆ ಶೇ 7.37. ಇದೇ ಯೀಲ್ಡ್. ಬೆಲೆ ಇಳಿದರೆ ಯೀಲ್ಡ್ ಏರುತ್ತದೆ. ಹೊಸದಾಗಿ ಕೊಳ್ಳುವವನಿಗೆ ಲಾಭ, ಹಳೆಯದನ್ನು ಮಾರಬೇಕಾದವನಿಗೆ ನಷ್ಟ. ಸರ್ಕಾರಕ್ಕೆ ಮುಂದಿನ ಹರಾಜಿನಲ್ಲಿ ಬಡ್ಡಿ ಜಾಸ್ತಿ.

ನಾನೇ ನೇರವಾಗಿ ಸರ್ಕಾರಕ್ಕೆ ಸಾಲ ಕೊಡಬಹುದಾ?

ಕೊಡಬಹುದು. 2021ರ ನವೆಂಬರ್ 12ರಂದು ರಿಸರ್ವ್ ಬ್ಯಾಂಕ್ ಶುರು ಮಾಡಿದ ರಿಟೇಲ್ ಡೈರೆಕ್ಟ್ ಅಂತ ಒಂದು ವ್ಯವಸ್ಥೆ ಇದೆ. ಪ್ಯಾನ್, ಆಧಾರ್, ಉಳಿತಾಯ ಖಾತೆ ಇದ್ದರೆ ಸಾಕು. 10,000 ರೂಪಾಯಿಯಿಂದ ಶುರು, ಖಾತೆ ತೆರೆಯಲು ಶುಲ್ಕ ಇಲ್ಲ. ದರ ಹಾಕುವ ತಲೆನೋವು ನಿಮಗಿಲ್ಲ, ದೊಡ್ಡವರ ಹರಾಜಿನಲ್ಲಿ ಕೂಡಿ ಬಂದ ಸರಾಸರಿ ಬೆಲೆಗೆ ನಿಮಗೂ ಸಿಗುತ್ತದೆ. ಕರ್ನಾಟಕದ ಪತ್ರವನ್ನೂ ಕೊಳ್ಳಬಹುದು.

ನಾನು ಮೊದಲ ಸಲ ಇದರ ಬಗ್ಗೆ ಒಂದು ಬ್ಯಾಂಕಿನಲ್ಲಿ ವಿಚಾರಿಸಿದಾಗ ಕೌಂಟರಿನವರು ಅರ್ಧ ಗಂಟೆ ಕೂರಿಸಿ, ಕೊನೆಗೆ ವಿಮೆ ಪಾಲಿಸಿಯೊಂದನ್ನು ತೋರಿಸಿದರು. ಆಮೇಲೆ ಮಗಳು ಮನೆಯಲ್ಲೇ ಫೋನಿನಲ್ಲಿ ಮಾಡಿಕೊಟ್ಟಳು. ಆರು ತಿಂಗಳಿಗೊಮ್ಮೆ ಬಡ್ಡಿ ಖಾತೆಗೆ ಬೀಳುತ್ತದೆ. ಅವಧಿ ಮುಗಿಯುವ ತನಕ ಇಟ್ಟುಕೊಂಡರೆ ಅಸಲು ಪೂರ್ತಿ ಸಿಗುತ್ತದೆ. ಮಗಳ ಮದುವೆ ಅಂತ ನಡುವೆ ಮಾರಲು ಹೋದರೆ ಅವತ್ತಿನ ಬೆಲೆ, ಅದೂ ಕೊಳ್ಳುವವರು ಸಿಕ್ಕಿದರೆ. ಹಾಗಾಗಿ ಬಿತ್ತನೆ ಬೀಜಕ್ಕೆ ಇಟ್ಟ ಹಣ ಇಲ್ಲಿ ಹಾಕಬೇಡಿ. ಬಡ್ಡಿಗೆ ಆದಾಯ ತೆರಿಗೆಯೂ ಇದೆ.